ಇನ್ಸುಲಿನ್ ಕೊಟ್ರು, ಸ್ಟ್ರಿಪ್ ಯಾರ್ ಕೊಡ್ತಾರ?

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತು ಶುಗರ್ ಬಗ್ಗೆ, ಅದನ್ನ ಇಳಿಸೋ ಇನ್ಸುಲಿನ್ ಸೂಜಿ ಮತ್ತ ರಕ್ತದಾಗ ಶುಗರ್ ಎಷ್ಟೈತಿ ಅಂತ ನೋಡಾಕ ಮೀಟರ್‌ಗೆ ಹಾಕೋ ಸ್ಟ್ರಿಪ್ ಬಗ್ಗೆ ಮಾತಾಡ್ತೀನಿ, ಯಾಕಂದ್ರ ನಮ್ಮವ್ವ ಎರಡು ವರ್ಷದಿಂದ ಇನ್ಸುಲಿನ್ ತಗೊಳಾಕತ್ತಾಳ, ಮನಿ ದೇವದುರ್ಗ ಕಡೆ ಹಳ್ಳ್ಯಾಗ.

1921ರಾಗ ಟೊರೊಂಟೋದಾಗ ಇನ್ಸುಲಿನ್ ಕಂಡುಹಿಡದ್ರು, 1923ರಾಗ ಅದರ ಪೇಟೆಂಟ್‌ನ ಕಂಡುಹಿಡಿದ ಡಾಕ್ಟರ್ ಬ್ಯಾಂಟಿಂಗ್ ಮತ್ತ ಅವರ ಜೊತಿಗಾರರು ಒಂದೊಂದು ಡಾಲರ್‌ಗೆ ಯೂನಿವರ್ಸಿಟಿಗೆ ಕೊಟ್ಟುಬಿಟ್ರು, ಎಲ್ಲಾರಿಗೂ ಸಿಗ್ಲಿ ಅಂತ. ಆದ್ರ ಸುಮಾರು ನೂರು ವರ್ಷ ಆದ್ಮ್ಯಾಲೂ ಅಮೆರಿಕಾದಂಥ ದೇಶದಾಗ ಯೇಲ್ ಯೂನಿವರ್ಸಿಟಿಯ ಒಂದು ಶುಗರ್ ಕ್ಲಿನಿಕ್ಕಿನ್ಯಾಗ ಕೇಳಿದ್ರ ನಾಕು ಮಂದ್ಯಾಗ ಒಬ್ರು ರೊಕ್ಕ ಸಾಲದ ಡೋಸ್ ಕಡಿಮಿ ಮಾಡ್ಕೊಂಡಿದ್ರು. 2023ರಿಂದ ಅಲ್ಲಿ ಮೆಡಿಕೇರ್ ಅಂತ ಹೆಚ್ಚಾಗಿ ವಯಸ್ಸಾದೋರಿಗಿರೋ ಸರ್ಕಾರಿ ವಿಮೆ ಇದ್ದೋರಿಗೆ ಒಂದೊಂದು ಬಗಿ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ದಾಟಂಗಿಲ್ಲ ಅಂತ ಮಾಡ್ಯಾರ.

ನಮ್ಮಲ್ಲಿ ತೊಡಕು ಬ್ಯಾರೆ ಐತ್ರಿ. ಬಾಟ್ಲಿ ರೇಟಿಗೆ ಸರ್ಕಾರ ಮಿತಿ ಹಾಕೈತಿ, ಆದ್ರ ಅದನ್ನ 2ರಿಂದ 8 ಡಿಗ್ರಿಯೊಳಗ ಇಡಬೇಕು, ರಾಯಚೂರು ಬ್ಯಾಸಗಿ ನಿಮಗ ಗೊತ್ತಲ್ರಿ, ನಲವತ್ತು ದಾಟ್ತೈತಿ, ಫ್ರಿಜ್ ಇಲ್ಲ, ಇದ್ದೋರ ಮನ್ಯಾಗೂ ಕರೆಂಟ್ ಇರಂಗಿಲ್ಲ. ಅವ್ವ ದೊಡ್ಡ ಗಡಿಗ್ಯಾಗ ಹಸಿ ಉಸುಕು ಹಾಕಿ, ನಡುವ ಸಣ್ಣ ಕುಡಿಕಿ ಇಟ್ಟು, ಬಾಟ್ಲಿ ಅದ್ರಾಗಿಟ್ಟು ಹಸಿ ಅರಬಿ ಮುಚ್ತಾಳ. ಸುಡಾನ್‌ನಾಗೂ ಹಿಂಗ ಗಡಿಗ್ಯಾಗ ಇಡ್ತಾರ. ಫ್ರಿಜ್ಜಿನಷ್ಟು ತಂಪಾಗಂಗಿಲ್ಲ, ಆದ್ರ ಬಿಸಿಲಿಗೆ ಕೆಡೋದು ತಪ್ತೈತಿ.

ನನಗ ಇದಕ್ಕಿಂತ ಹೆಚ್ಚು ಹೊಟ್ಟಿ ಉರಿಯೋದು ಸ್ಟ್ರಿಪ್ ವಿಷ್ಯಕ್ಕ. ಹೋದ ವರ್ಷ ಒಂದಿನ ನಸುಕಿನ್ಯಾಗ ಅವ್ವಗ ಬೆವರು ಕಿತ್ತು ಕೈ ನಡುಗಾಕತ್ತು. ಶುಗರ್ ಏರೈತಿ, ಸೂಜಿ ಹಾಕಿಬಿಡೋಣ ಅಂದ ನಮ್ಮಣ್ಣ. ಮೀಟರ್ ಐತಿ, ಸ್ಟ್ರಿಪ್ ಮುಗಿದು ಹದಿನೈದು ದಿನ ಆಗಿತ್ತು. ಓಣ್ಯಾಗ ಒಬ್ರ ಹತ್ರ ಒಂದು ಇಸ್ಕೊಂಡು ಬಂದು ನೋಡಿದ್ರ 48, ಏರಿಲ್ಲ, ಪೂರಾ ಇಳಿದೈತಿ! ಬೆಲ್ಲದ ನೀರು ಕುಡಿಸಿದ್ವಿ, ಕಾಲು ತಾಸಿಗೆ ಮಾತಾಡಿದ್ಲು. ಆ ಸೂಜಿ ಹಾಕಿದ್ರ ಏನಾಗ್ತಿತ್ತೋ, ನೆನಸಿದ್ರ ಈಗೂ ಎದಿ ಝಲ್ ಅಂತೈತಿ.

ಒಂದು ಸ್ಟ್ರಿಪ್ಪಿಗೆ ಹದಿನೈದು ಇಪ್ಪತ್ತು ರೂಪಾಯಿ, ದಿನಕ್ಕ ಎರಡು ಸಲ ನೋಡಿದ್ರ ತಿಂಗಳಿಗೆ ಸಾವಿರ. ಹತ್ತಿ ಬಿಡಸಾಕ ಹೋಗೋ ಹೆಣ್ಮಗಳು ಅದನ್ನ ಎಲ್ಲಿಂದ ತರ್ಬೇಕ್ರಿ? ತಾಲೂಕಿಗೆ ಹೋಗಿ ಚೆಕ್ ಮಾಡಿಸ್ಕೊಂಡ್ ಬಾ ಅಂದ್ರ ಬಸ್ ಚಾರ್ಜೂ ಹೋತು, ಅವತ್ತಿನ ಕೂಲೀನೂ ಹೋತು.

ವಿಶ್ವ ಆರೋಗ್ಯ ಸಂಸ್ಥೆಯವ್ರು 2030ರೊಳಗ ಟೈಪ್ 1, ಅಂದ್ರ ಮೈಯಾಗ ಇನ್ಸುಲಿನ್ನೇ ತಯಾರಾಗದ ಶುಗರ್ ಇದ್ದೋರೆಲ್ಲಾರಿಗೂ ಇನ್ಸುಲಿನ್ ಜೊತಿಗೆ ಮನ್ಯಾಗ ಚೆಕ್ ಮಾಡೋ ಸಾಮಾನೂ ಕೈಗೆಟುಕಬೇಕು ಅಂತ ಗುರಿ ಇಟ್ಕೊಂಡಾರ. ನಮ್ಮವ್ವಂದು ಟೈಪ್ 2, ಆದ್ರ ಸೂಜಿ ಅದೇ, ಅಪಾಯಾನೂ ಅದೇ. ಸಬ್ ಸೆಂಟರಿನ್ಯಾಗ ಇನ್ಸುಲಿನ್ ತಗೊಳೋರಿಗೆ ತಿಂಗಳಿಗೆ ಐವತ್ತು ಸ್ಟ್ರಿಪ್ ಪುಕ್ಕಟೆ ಕೊಡ್ರಿ, ನಾನು ಕೇಳೋದು ಇಷ್ಟ. ನಿಮ್ಮೂರಾಗ ಕೊಡ್ತಿದ್ರ ಯಾವ ಊರು ಅಂತ ಹೇಳ್ರಿ, ಆ ಊರಿನ ಹೆಸರು ಹೇಳಿ ನಮ್ಮ ತಾಲೂಕಿನ್ಯಾಗ ಕೇಳ್ತೀನಿ.