ಫಿಲ್ಮ್ ಆಮೇಲೆ ನೋಡಿ ಡಾಕ್ಟ್ರೇ

ಸೊಂಟನೋವು ಅಂತ ಬಾಯಿ ಬಿಟ್ಟರೆ ಸಾಕು, ನಮ್ಮ ಮಂಗಳೂರಲ್ಲಿ ಪಕ್ಕದ ಮನೆಯವರೇ ಕೇಳುತ್ತಾರೆ, "ಎಂಆರ್‌ಐ ಮಾಡಿಸಿದ್ರಾ?" ಮೆಡಿಕಲ್ ಕಾಲೇಜುಗಳ ಊರು ಮಾರಾಯ್ರೆ, ಸ್ಕ್ಯಾನಿಂಗಿಗೆ ಬರ ಇಲ್ಲ. ಡಾಕ್ಟ್ರು ಕೂತು ಮಾತಾಡುವ ಹತ್ತು ನಿಮಿಷಕ್ಕೇ ಬರ.

ನೋವು ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ನೋವು. ಅದಕ್ಕೆ ಸ್ಕ್ಯಾನಿನ ಫಿಲ್ಮ್ ಒಂದನ್ನೇ ನಂಬಿದರೆ ಏನಾಗುತ್ತದೆ? ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಲೆಕ್ಕ 2015ರಲ್ಲಿ ಬಂತು. 20ರ ಹರೆಯದವರಲ್ಲೇ ಶೇ. 37 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿತ್ತು. 80 ವರ್ಷದವರಲ್ಲಿ ಶೇ. 96. ಅಂದರೆ ರಿಪೋರ್ಟಿನಲ್ಲಿ 'ಸವೆತ' ಅಂತ ಬಂದ ಕೂಡಲೇ ಕಳ್ಳ ಸಿಕ್ಕಿದ ಅಂತ ಅಲ್ಲ.

ಬೀಡಿ ಕಟ್ಟುವ ಅಕ್ಕ ಒಬ್ಬರು ಬಂದರು ಅಂತಿಟ್ಟುಕೊಳ್ಳಿ. ನೆಲದ ಮೇಲೆ ಕೂತು, ಮಡಿಲಲ್ಲಿ ಗೆರಸೆ, ಕತ್ತು ಬಗ್ಗಿಸಿಯೇ ಎಲೆ ಕತ್ತರಿಸಬೇಕು, ಸುತ್ತಬೇಕು, ನೂಲು ಕಟ್ಟಬೇಕು. ಆಮೇಲೆ ಕಟ್ಟಿದ ಬೀಡಿ ಕೊಡಲಿಕ್ಕೆ ಬ್ರಾಂಚಿಗೆ ಓಟ. ಇದು ಯಾವ ಫಿಲ್ಮಿನಲ್ಲೂ ಬರುವುದಿಲ್ಲ, ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು? ಅರ್ಧ ಗಂಟೆಗಿಂತ ಜಾಸ್ತಿ ಇದ್ದು, ಓಡಾಡಿದ ಮೇಲೆ ಹಗುರ ಆಗುತ್ತದೆ ಅಂದರೆ ಅದು ಉರಿಯೂತದ ವಾತ ಇರಬಹುದು, ಅದರ ಚಿಕಿತ್ಸೆಯ ದಾರಿಯೇ ಬೇರೆ. ಹಿಂದೆ ಚಿಕೂನ್‌ಗುನ್ಯಾ ಬಂದಿತ್ತಾ? 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಅದು ಹಬ್ಬಿದಾಗ ಜ್ವರ ಬಿಟ್ಟು ತಿಂಗಳಾದರೂ ಗಂಟುನೋವು ಬಿಡದವರನ್ನು ಕಂಡಿದ್ದೇವೆ, ಅಲ್ವಾ? ರಾತ್ರಿ ನಿದ್ದೆ ಬರುತ್ತಾ? ಆಮೇಲೆ ಅವರನ್ನು ನಡೆಸಿ, ಬಗ್ಗಿಸಿ, ಮಲಗಿಸಿ ಕಾಲು ನೇರ ಎತ್ತಿಸಿ ನೋಡಬೇಕು. ಮೊಣಕಾಲಿಗೆ ಸುತ್ತಿಗೆ ತಟ್ಟಬೇಕು. ಇದಕ್ಕೆ ಬಿಲ್ಲು ಕಮ್ಮಿ, ಅದೇ ತೊಂದರೆಯೋ ಏನೋ.

ಸ್ಕ್ಯಾನೇ ಬೇಡ ಅಂತ ಹೇಳುತ್ತಿಲ್ಲ. ಮೂತ್ರ ಹಿಡಿತ ತಪ್ಪಿದರೆ, ತೊಡೆಯ ಸಂದಿ ಜೋಮು ಹಿಡಿದರೆ, ಕಾಲಿನ ಬಲ ಕಮ್ಮಿಯಾದರೆ ಒಂದು ದಿನವೂ ಕಾಯಬೇಡಿ. ಜ್ವರದ ಜೊತೆ ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಟಿಬಿಯೂ ಇರಬಹುದು.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ರಿಪೋರ್ಟ್ ಸರಿ ಇದ್ದರೆ "ಏನೂ ಇಲ್ಲ, ಸುಮ್ನೆ ಟೆನ್ಶನ್" ಅಂತ ಕಳಿಸುತ್ತಾರಲ್ಲ, ಅದಕ್ಕೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ದೀರ್ಘಕಾಲದ ನೋವಿಗೇ ಬೇರೆ ಜಾಗ ಉಂಟು. ಬೇರೆ ಕಾರಣ ಸಿಗದೇ ಇದ್ದರೂ ಅದು ಕಾಯಿಲೆಯೇ.

ನೀವೂ ಅಷ್ಟೇ, ಒಳಗೆ ಹೋದ ಕೂಡಲೇ ಫೈಲು ಚಾಚಬೇಡಿ. ಹತ್ತರಲ್ಲಿ ಎಷ್ಟು ನೋವು ಅಂತ ಕೇಳಿದರೆ ಎಂಟು ಅಂದು ಸುಮ್ಮನಾಗಬೇಡಿ. "ಬಾವಿಯಿಂದ ನೀರು ಸೇದಲಿಕ್ಕೆ ಆಗುತ್ತಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಿಕ್ಕೆ ಆಗುತ್ತಿಲ್ಲ" ಅಂತ ಹೇಳಿ. ಮುಂದಿನ ಸಲ ಹೋದಾಗ ಮದ್ದು ಹಿಡಿದಿದೆಯಾ ಅಂತ ನೋಡಲಿಕ್ಕೆ ಡಾಕ್ಟ್ರಿಗೂ ಅದೇ ಸುಲಭ.