ಕಲ್ಲಿನಡಿಯ ಕವಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯಲ್ಲಿ ಚೌಕಾಬಾರ ಆಡಲು ನಾಲ್ಕು ಕವಡೆಗಳಿದ್ದವು. ಅಜ್ಜಿ ಅವನ್ನು ತಗಡಿನ ಡಬ್ಬಿಯಲ್ಲಿಟ್ಟು ಕಾಪಾಡುತ್ತಿದ್ದರು. ಅಂಗೈಯಲ್ಲಿ ಕುಲುಕಿ ನೆಲಕ್ಕೆ ಚೆಲ್ಲುವುದು, ಎಷ್ಟು ಅಂಗಾತ ಬಿದ್ದವು, ಎಷ್ಟು ಬೋರಲು ಎಂದು ಎಣಿಸುವುದು, ಇಷ್ಟೇ ನನಗೆ ಗೊತ್ತಿದ್ದ ಕವಡೆ. ಮುಂದೆ ಜೀವಶಾಸ್ತ್ರ ಓದಿದೆ, ಮಕ್ಕಳಿಗೆ ಪಾಠವನ್ನೂ ಮಾಡಿದೆ. ಆದರೆ ಬದುಕಿರುವ ಕವಡೆಯನ್ನು ಮೊದಲ ಬಾರಿ ಕಂಡದ್ದು ನಿವೃತ್ತಿಯ ನಂತರ, ಲಕ್ಷದ್ವೀಪದ ಕದ್ಮತ್‌ನಲ್ಲಿ. ಕಡಲು ಇಳಿದಿದ್ದ ಒಂದು ಬೆಳಿಗ್ಗೆ ಹವಳದ ದಿಬ್ಬದ ಮೇಲೆ ನಡೆದಾಡಿದ ಆ ಎರಡು ಗಂಟೆಗಳನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಒಮ್ಮೆಯಾದರೂ ನಿಂತವರಿಗೆ ಈ ದ್ವೀಪಗಳು ಪರವೂರಲ್ಲ. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಮಂಜಿ ಎಂಬ ಸರಕು ಹಡಗುಗಳು ಹೊರಡುವುದು ಅಲ್ಲಿಂದಲೇ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ಐದನ್ನು ಒಟ್ಟಾಗಿ ಅಮಿನ್‌ದಿವಿ ಎನ್ನುತ್ತಾರೆ. 1787ರಲ್ಲಿ ಇಲ್ಲಿನ ಜನ ಟಿಪ್ಪು ಸುಲ್ತಾನನ ಮೊರೆಹೊಕ್ಕು ಮೈಸೂರಿನ ಆಳ್ವಿಕೆಗೆ ಸೇರಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದ್ವೀಪಗಳು ಕಂಪನಿಯ ಕೈಸೇರಿ ಕೆನರಾ ಜಿಲ್ಲೆಯ ಭಾಗವಾದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಅವು ದಕ್ಷಿಣ ಕನ್ನಡದವೇ.

ನಮಗೆ ದಾರಿ ತೋರಿಸಿದ ಹಿರಿಯರು ಎಳೆಯ ವಯಸ್ಸಿನಲ್ಲಿ ಮಂಜಿಯಲ್ಲಿ ದುಡಿದವರು. ಬಂದರಿನಲ್ಲಿ ಕಲಿತ ಕನ್ನಡ ಅವರ ನಾಲಗೆಯಲ್ಲಿ ಇನ್ನೂ ಉಳಿದಿತ್ತು. ನಾನು ಕಾಕ ಎಂದು ಕರೆದೆ, ಅವರು ನನ್ನನ್ನು ಟೀಚರ್ ಎಂದರು. ಹುಣ್ಣಿಮೆ ಕಳೆದು ಎರಡು ದಿನವಾಗಿತ್ತು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಬೆಳಗಿನ ಏಳರ ಹೊತ್ತಿಗೆ ದ್ವೀಪದ ಮೂಡಣ ಅಂಚಿನಲ್ಲಿ ನೀರು ಸರಿದು, ಕಂದು ಬಣ್ಣದ ವಿಶಾಲವಾದ ಜಗಲಿಯೊಂದು ಮೇಲೆದ್ದು ಬಂದಿತ್ತು. ಅದರ ಆಚೆ ಅಲೆಗಳು ಬಿಳಿಯಾಗಿ ಒಡೆಯುತ್ತಿದ್ದವು.

ದಪ್ಪ ತಳದ ಬೂಟು ಹಾಕಿದ್ದೇವೆಯೇ ಎಂದು ಕಾಕ ಒಬ್ಬೊಬ್ಬರನ್ನೂ ನೋಡಿದರು. ಆಮೇಲೆ ಹೇಳಿದರು: “ಟೀಚರ್, ಮರಳು ಇರುವಲ್ಲಿ ಕಾಲಿಡಿ. ಕಲ್ಲು ಕಂಡಲ್ಲಿ ಕಣ್ಣು ಮಾತ್ರ.”

ಕಲ್ಲು ಎಂದು ಅವರು ಕರೆದದ್ದು ಹವಳವನ್ನು. ಹವಳ ಎಂದರೆ ನಮಗೆ ಕರಿಮಣಿಯ ನಡುವೆ ಪೋಣಿಸುವ ಕೆಂಪು ಮಣಿ ನೆನಪಾಗುತ್ತದೆ. ಆ ಕೆಂಪು ಹವಳದ ಹೆಸರಾಂತ ತವರು ಮೆಡಿಟರೇನಿಯನ್ ಸಮುದ್ರ. ದಿಬ್ಬ ಕಟ್ಟುವ ಹವಳ ಬೇರೆಯೇ ಬಗೆಯದು. ಸಾಸಿವೆ ಹಳದಿ, ಕಂದು, ಪಾಚಿ ಹಸಿರು, ಅಲ್ಲೊಂದು ಇಲ್ಲೊಂದು ಕೊಂಬೆಯ ತುದಿಯಲ್ಲಿ ನೇರಳೆ, ಹೀಗೆ ಇರುತ್ತವೆ ಅದರ ಬಣ್ಣಗಳು. ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಿಗೆ ಕೂತು ತಮ್ಮ ಕೆಳಗೆ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ನೆಲೆಸಿರುತ್ತದೆ. ಆ ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಬಡಿಸಿದರೆ, ಹವಳ ಅದಕ್ಕೆ ಇರಲು ಜಾಗ ಕೊಡುತ್ತದೆ.

ಮೊಣಕಾಲುದ್ದ ನೀರಿದ್ದ ಒಂದು ಹೊಂಡದಲ್ಲಿ ಅಗಲವಾದ ದುಂಡು ಹವಳವಿತ್ತು. ನೆತ್ತಿ ಚಪ್ಪಟೆ, ಇಳಿತದಲ್ಲಿ ಗಾಳಿ ಬಿಸಿಲಿಗೆ ಒಡ್ಡಿಕೊಂಡು ಸತ್ತ ಭಾಗ ಅದು. ಸುತ್ತಲಿನ ಅಂಚು ಮಾತ್ರ ಜೀವಂತ, ಹೊರಕ್ಕೆ ಬೆಳೆಯುತ್ತಲೇ ಇದೆ. ಇಂಥ ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಡುವಿನಿಂದ ಅಂಚಿಗೆ ಕಣ್ಣಳತೆಯಲ್ಲಿ ಮುಕ್ಕಾಲು ಮೀಟರ್ ಇದ್ದೀತು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅದು ಮೊದಲ ಗೂಡು ಕಟ್ಟಿದಾಗ ಕದ್ಮತ್ ನಮ್ಮ ಜಿಲ್ಲೆಯಲ್ಲೇ ಇತ್ತು. ಅದರ ಮುಂದೆ ಬಹಳ ಹೊತ್ತು ನಿಂತೆ, ಮುಂದೆ ಹೋಗಲು ಮನಸ್ಸಾಗಲಿಲ್ಲ.

ನಿಜಕ್ಕೂ ಅಲ್ಲಿ ನೋಡಲು ಆತುರ ಕೂಡದು. ಮೊದಲ ನೋಟಕ್ಕೆ ಬರೀ ಪಾಚಿ ಮೆತ್ತಿದ ಕಲ್ಲು. ಎರಡು ನಿಮಿಷ ಬಗ್ಗಿ ಅಲುಗಾಡದೆ ನಿಂತರೆ ಕಲ್ಲಿಗೆ ಕಣ್ಣು ಮೂಡುತ್ತದೆ. ಮರಳು ಮೆತ್ತಿಕೊಂಡ, ಸಮುದ್ರ ಸೌತೆ ಎಂಬ ಕಪ್ಪು ಪ್ರಾಣಿ ಮರಳನ್ನೇ ನುಂಗಿ, ಅದರಲ್ಲಿದ್ದ ಆಹಾರವನ್ನು ಹೀರಿಕೊಂಡು, ಮರಳನ್ನು ಹಿಂದೆ ಬಿಟ್ಟು ಸರಿಯುತ್ತದೆ. ಹವಳದಲ್ಲಿ ಹುದುಗಿದ ದೊಡ್ಡ ಕಪ್ಪೆಚಿಪ್ಪಿನ ತುಟಿ ನವಿಲುಗರಿಯ ನೀಲಿ. ನನ್ನ ನೆರಳು ಬಿದ್ದದ್ದೇ ತಡ, ಅದು ಬಾಯಿ ಮುಚ್ಚಿಕೊಂಡಿತು. ಬಿಲವೊಂದರ ಬಾಯಲ್ಲಿ ಏಡಿಯ ಒಡಕು ಚಿಪ್ಪುಗಳು ರಾಶಿ ಬಿದ್ದಿದ್ದವು. “ಒಳಗೆ ಆಕ್ಟೋಪಸ್ ಇದೆ, ಊಟದ ಎಂಜಲು ಹೊರಗೆ ಹಾಕಿದೆ” ಎಂದರು ಕಾಕ. ಆಕ್ಟೋಪಸ್ ಬೇಟೆ ಈ ದ್ವೀಪಗಳ ಹಳೆಯ ಕಸುಬು, ಆ ಕಣ್ಣು ಅವರದು. ಶಂಕುವಿನಾಕಾರದ ಚೆಂದದ ಚಿಪ್ಪೊಂದಕ್ಕೆ ನಮ್ಮ ಗುಂಪಿನ ಹುಡುಗನೊಬ್ಬ ಕೈ ಚಾಚಿದಾಗ ಮಾತ್ರ ಅವರ ದನಿ ಏರಿತು. ಆ ಜಾತಿಯ ಬಸವನಹುಳುಗಳು ವಿಷದ ಮುಳ್ಳು ಚುಚ್ಚುತ್ತವೆ. ಕೆಲವು ಮನುಷ್ಯರನ್ನೂ ಕೊಲ್ಲಬಲ್ಲವು.

ಕೊನೆಗೆ ಕಾಕ ಒಂದು ಸಣ್ಣ ಕಲ್ಲನ್ನು ಎರಡೂ ಕೈಯಿಂದ ನಿಧಾನವಾಗಿ ಎತ್ತಿದರು. ಅಡಿಯಲ್ಲಿ ಕಪ್ಪು ಗೆರೆಗಳ ತೆಳು ಹೊದಿಕೆ ಹೊದ್ದ ಗುಬುಟೊಂದು ಅಂಟಿಕೊಂಡಿತ್ತು. ಅವರು ಬೆರಳ ತುದಿಯಿಂದ ನೀರನ್ನು ಕದಡಿದರು. ಹೊದಿಕೆ ಎರಡು ಬದಿಗೂ ಮೆಲ್ಲಗೆ ಜಾರಿ ಒಳಸೇರಿತು, ನಡುವೆ ಹಳದಿ ಕವಡೆಯ ಬೆನ್ನು ಹೊಳೆಯಿತು. ಅಜ್ಜಿಯ ಡಬ್ಬಿಯಲ್ಲಿದ್ದ ಅದೇ ಕವಡೆ! ಅದರ ಹೊಳಪಿಗೆ ಆ ಹೊದಿಕೆಯೇ ಕಾರಣ. ಚಿಪ್ಪನ್ನು ಹೊರಗಿನಿಂದ ಸದಾ ಮುಚ್ಚಿಕೊಂಡು, ಪದರದ ಮೇಲೆ ಪದರ ಕೂಡಿಸಿ ನುಣುಪು ಮಾಡುತ್ತದೆ. ಒಂದು ಕಾಲಕ್ಕೆ ಇದೇ ಕವಡೆ ಹಣವಾಗಿ ಬಂಗಾಳದವರೆಗೂ ಚಲಾವಣೆಯಲ್ಲಿತ್ತು. ಕವಡೆ ಕಾಸಿನ ಕಿಮ್ಮತ್ತಿಲ್ಲ ಎಂಬ ಮಾತನ್ನು ಆ ಜೀವದ ಎದುರು ಆಡಲು ನನಗೆ ಬಾಯಿ ಬರಲಿಲ್ಲ.

ಹಿಂದೆ ಬರುವಾಗ ಕಾಲಡಿಯಲ್ಲಿ ಬೂದು ಬಣ್ಣದ ಮುರಿದ ಕೊಂಬೆಗಳು ಕಟಕಟ ಎನ್ನುತ್ತಿದ್ದವು. ಸತ್ತ ಹವಳ. ನೀರು ಮಿತಿಮೀರಿ ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998, 2010, 2016, 2024, ಇಷ್ಟು ಬಾರಿ ಲಕ್ಷದ್ವೀಪ ಇದನ್ನು ಕಂಡಿದೆ. ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ 1998ರಿಂದ 2022ರವರೆಗೆ ಲೆಕ್ಕವಿಟ್ಟ ವಿಜ್ಞಾನಿಗಳು ಜೀವಂತ ಹವಳದ ಹರವು ಸುಮಾರು ಅರ್ಧಕ್ಕೆ ಇಳಿದಿದೆ ಎನ್ನುತ್ತಾರೆ. ದ್ವೀಪದ ಬಿಳಿ ಮರಳು ಬಹುಪಾಲು ಹವಳದ ಪುಡಿ. ಗಿಳಿಮೀನುಗಳು ಹವಳವನ್ನು ಕಡಿದು ನುಂಗಿ ಬಿಟ್ಟದ್ದೂ ಅದರಲ್ಲಿ ಸೇರಿದೆ. ಮಳೆಗಾಲದ ಅಲೆಯನ್ನು ತಡೆಯುವ ಗೋಡೆ ಆ ದಿಬ್ಬವೇ. ಬಾವಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿ ನಿಂತಿರುವುದೂ ಆ ಹವಳದ ನೆಲದೊಳಗೇ. ಕದ್ಮತ್‌ನ ಬಾವಿಕಟ್ಟೆಯಲ್ಲಿ ಆ ದಿನ ನೀರು ಕುಡಿದಾಗ ಅದರ ರುಚಿ ಬೇರೆಯಾಗಿ ಕಂಡಿತು.

ಉಬ್ಬರ ತಿರುಗಿತ್ತು. ನಾವೆಲ್ಲ ದಡ ಸೇರಿ ಬೂಟು ಬಿಚ್ಚುತ್ತಿದ್ದೆವು. ಕಾಕ ನಮ್ಮನ್ನು ಎಣಿಸಿದರು, ಆಮೇಲೆ ದಿಬ್ಬದ ಕಡೆ ನೋಡುತ್ತಾ ನಿಂತರು. ಗುಂಪಿನಲ್ಲಿ ಯಾರೋ ಎತ್ತಿ ನೋಡಿದ ಕಲ್ಲೊಂದು ಮಗುಚಿದಂತೆಯೇ ಉಳಿದಿತ್ತು. ಅದರ ಅಡಿಯಲ್ಲಿ ಮೊಟ್ಟೆಗಳಿದ್ದವು, ಬಿಸಿಲು ತಾಗಿದರೆ ಉಳಿಯವು. “ಐದು ನಿಮಿಷ, ಟೀಚರ್” ಎಂದು ಮುಂಡನ್ನು ಎತ್ತಿ ಕಟ್ಟಿ, ಮೊಣಕಾಲಿಗೇರುತ್ತಿದ್ದ ನೀರಿನಲ್ಲಿ ಮರಳ ಜಾಗವನ್ನೇ ಹುಡುಕಿ ಹುಡುಕಿ ಕಾಲಿಡುತ್ತಾ ಅಷ್ಟು ದೂರ ಮತ್ತೆ ಹೋದರು. ಬಗ್ಗಿ, ಕಲ್ಲನ್ನು ಮೊದಲು ಇದ್ದ ಹಾಗೆಯೇ ತಿರುಗಿಸಿಟ್ಟು ಬಂದರು.

ನಮಸ್ಕಾರ.