ಕಿವಿ ಆಪರೇಷನ್: ಪಟ್ಟಿ ಬಿಚ್ಚಿದ ಮೇಲೆ

ಕೇಳುಗರಿಗೆ ನಮಸ್ಕಾರ. ಮೊರದಗಲ ಕಿವಿ ಅಂತ ಕರೆಸಿಕೊಂಡವರಿಗೇ ಗೊತ್ತು, ಆ ಮಾತು ಎಷ್ಟು ವರ್ಷ ಕೊರೆಯುತ್ತದೆ ಅಂತ. ಹೊರಗೆ ಚಾಚಿದ ಕಿವಿಯನ್ನು ತಲೆಯ ಹತ್ತಿರಕ್ಕೆ ತರುವ ಆಪರೇಷನ್‌ಗೆ ಓಟೋಪ್ಲಾಸ್ಟಿ ಅನ್ನುತ್ತಾರೆ. ಬದಲಾಗುವುದು ಆಕಾರ ಮಾತ್ರ, ಕಿವಿ ಕೇಳಿಸುವುದು ಮೊದಲಿನ ಹಾಗೇ ಇರುತ್ತದೆ.

ಕಿವಿಯ ಹಿಂದೆ ಕೊಯ್ದು, ಒಳಗಿನ ಕಾರ್ಟಿಲೇಜನ್ನು, ಅಂದರೆ ಕಿವಿಗೆ ಆಕಾರ ಕೊಡುವ ಬಾಗುವಂಥ ಮೆದು ಎಲುಬನ್ನು, ಮಡಿಸಿ ಹೊಲಿಗೆ ಹಾಕುತ್ತಾರೆ, ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ. ದೊಡ್ಡವರಿಗೆ ಕಿವಿಯ ಸುತ್ತ ಮಾತ್ರ ಮರಗಟ್ಟಿಸಿದರೆ ಸಾಕು, ಚಿಕ್ಕ ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಡುತ್ತಾರೆ. 5–6 ವರ್ಷಕ್ಕೆ ಕಿವಿ ಬಹುಪಾಲು ಬೆಳೆದಿರುತ್ತದೆ, ಹಾಗಾಗಿ ಅದಕ್ಕೂ ಮುಂಚೆ ಸಾಮಾನ್ಯವಾಗಿ ಮಾಡುವುದಿಲ್ಲ. ಆದರೆ ವಯಸ್ಸಾಯಿತು ಅಂತ ಸುಮ್ನೆ ಕರೆದುಕೊಂಡು ಹೋಗಬೇಡಿ, ಮಗುವಿಗೇ ಬೇಕು ಅನಿಸಿದೆಯಾ ಕೇಳಿ. ಬೇಡ ಅನ್ನುವ ಮಗು ಆಮೇಲೆ ಪಟ್ಟಿಯನ್ನು ಕಿತ್ತು ಹಾಕುತ್ತದೆ, ಅಲ್ವಾ? ಇನ್ನು ಹುಟ್ಟಿದ ಕೂಸಾದರೆ ಮೊದಲ ಕೆಲವು ವಾರಗಳಲ್ಲಿ ಕಾರ್ಟಿಲೇಜ್ ಇನ್ನೂ ಮೆತ್ತಗಿರುವುದರಿಂದ, ಅಚ್ಚು ಕಟ್ಟಿಯೇ ಎಷ್ಟೋ ಕಿವಿಗಳನ್ನು ಕೊಯ್ಯದೆ ಸರಿಮಾಡಬಹುದು.

ನನ್ನ ಕೇಳಿದರೆ ಆಪರೇಷನ್‌ಗಿಂತ ಆಮೇಲಿನ ದಿನಗಳಿಗೇ ತಾಳ್ಮೆ ಜಾಸ್ತಿ ಬೇಕು. ತಲೆಗೆ ಸುತ್ತಿದ ಪಟ್ಟಿ ಬಿಚ್ಚಿದಾಗ ಕನ್ನಡಿಯಲ್ಲಿ ಕಾಣುವುದು ಊದಿಕೊಂಡು, ನೀಲಿಗಟ್ಟಿ, ತಲೆಗೆ ಅಂಟಿದಂತಿರುವ ಕಿವಿ. ಗಾಬರಿಯಾಗಬೇಡಿ, ಊತ ಇಳಿಯಲು ವಾರಗಟ್ಟಲೆ ಬೇಕು, ಕಿವಿ ಮರಗಟ್ಟಿದಂತಿರುವುದು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೆಲವು ವಾರ ರಾತ್ರಿ ಮಲಗುವಾಗ ಹೆಡ್‌ಬ್ಯಾಂಡ್ ಹಾಕಬೇಕು, ಇಲ್ಲದಿದ್ದರೆ ನಿದ್ದೆಯಲ್ಲಿ ಮಗ್ಗುಲಾದಾಗ ಕಿವಿ ದಿಂಬಿಗೆ ಸಿಕ್ಕಿ ಮುಂದಕ್ಕೆ ಮಡಚಿಕೊಂಡೀತು. ತಲೆಯಿಂದ ತೂರಿಸುವ ಟೀ ಶರ್ಟ್ ಬದಿಗಿಟ್ಟು ಗುಂಡಿಯ ಅಂಗಿ ತೊಡಿ. ಡಿಕ್ಕಿ ಹೊಡೆಯುವಂಥ ಆಟಗಳು ಸದ್ಯಕ್ಕೆ ಬೇಡ.

ಒಂದೇ ಕಿವಿಯಲ್ಲಿ ನೋವು ಇದ್ದಕ್ಕಿದ್ದಂತೆ ಏರುತ್ತಾ ಹೋದರೆ ಮಾತ್ರೆ ನುಂಗಿ ಕಾಯಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ಕೆಂಪಾಗುವುದು, ಕೀವು, ಜ್ವರ ಬಂದರೂ ಅಷ್ಟೇ.

ಎರಡೂ ಕಿವಿ ಅಚ್ಚಿಗೆ ಹಾಕಿದಂತೆ ಬರುತ್ತವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಹುಟ್ಟಿನಿಂದಲೇ ಯಾರ ಕಿವಿಯೂ ಹಾಗಿರುವುದಿಲ್ಲ. ಕೆಲವರಿಗೆ ಒಳಗಿನ ಹೊಲಿಗೆ ಸಡಿಲವಾಗಿ ಕಿವಿ ಮತ್ತೆ ಹೊರಚಾಚುವುದೂ ಉಂಟು. ಗಾಯದ ಗುರುತು ಉಬ್ಬಿ ಗಂಟಾಗುವ ಮೈಯಾದರೆ ಮೊದಲೇ ಹೇಳಿಬಿಡಿ. ಹಾಗೇ, ಡಾಕ್ಟರು ಫೋಟೋ ತೋರಿಸಿದರೆ ಪಟ್ಟಿ ಬಿಚ್ಚಿದ ದಿನದ್ದಲ್ಲ, ಒಂದು ವರ್ಷ ಕಳೆದ ಮೇಲಿನದ್ದನ್ನು ಕೇಳಿ.